ನೋವಿನ ಕೀಲಿ, ಮಿದುಳಿನ ಕೀಲಿಕೈ
ಎನ್‌ಕೆಫಲಿನ್ ಸಂಶೋಧನೆಯ ಐವತ್ತು ವರ್ಷ ಮತ್ತು ಅದರಲ್ಲಿ ಬೆಂಗಳೂರಿನ ಪಾಲು

– ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್

ನಮ್ಮ ಸರಕಾರಿ ಪ್ರೌಢಶಾಲೆ ಆರಂಭವಾದದ್ದು 1975ರಲ್ಲಿ. ಅದೇ ವರ್ಷ ಡಿಸೆಂಬರ್ 18ರ 'ನೇಚರ್' ಪತ್ರಿಕೆಯಲ್ಲಿ ಮೂರ್ನಾಲ್ಕು ಪುಟಗಳ ಒಂದು ಲೇಖನ ಅಚ್ಚಾಯಿತು. ನೋವನ್ನು ತಗ್ಗಿಸುವ ಪದಾರ್ಥವನ್ನು ನಮ್ಮ ಮಿದುಳು ತಾನೇ ತಯಾರಿಸಿಕೊಳ್ಳುತ್ತದೆ, ಆ ಪದಾರ್ಥ ಇಂಥದ್ದು, ಅದರ ರಚನೆ ಹೀಗಿದೆ ಎಂದು ಆ ಲೇಖನ ತೋರಿಸಿಕೊಟ್ಟಿತು. ಶಾಲೆಗೆ ಐವತ್ತು ತುಂಬಿದ ಹೊತ್ತಿನಲ್ಲಿ ಆ ಶೋಧಕ್ಕೂ ಐವತ್ತು ತುಂಬಿದೆ. ಸ್ಮರಣ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬೇಕೆಂದು ಸಮಿತಿಯ ಹಿರಿಯರು ಕೇಳಿದಾಗ ಈ ವಿಷಯವನ್ನೇ ಆರಿಸಿಕೊಂಡೆ.

ಇತಿಹಾಸ ಎಂದರೆ ಜಮಖಂಡಿಯ ಪಟವರ್ಧನರು, ಮುಧೋಳದ ಘೋರ್ಪಡೆಯವರು, ರನ್ನನ ಕಾಲ ಎಂದೇ ನಾವು ತಿಳಿಯುತ್ತೇವೆ. ಅದೆಲ್ಲ ಇರಲಿ, ಇರಬೇಕು. ಆದರೆ ಔಷಧದ ಅಂಗಡಿಯಲ್ಲಿ ಸಿಗುವ ಒಂದು ಗುಳಿಗೆಗೂ ಇತಿಹಾಸವಿದೆ. ಕಬ್ಬು ಕಡಿಯುವವರ, ಮಗ್ಗದ ಮುಂದೆ ದಿನವಿಡೀ ನಿಲ್ಲುವವರ, ಕಲ್ಲು ಒಡೆಯುವವರ ನಾಡು ನಮ್ಮದು. ಸೊಂಟ, ಮೊಳಕಾಲು, ರಟ್ಟೆ ನೋಯದ ಮನೆ ಇಲ್ಲಿ ಅಪರೂಪ. ಹಾಗಿದ್ದ ಮೇಲೆ ನೋವಿನ ವಿಜ್ಞಾನದ ಇತಿಹಾಸವೂ ನಮಗೆ ಸಂಬಂಧಪಟ್ಟದ್ದೇ. ನಾನು ರಸಾಯನಶಾಸ್ತ್ರಜ್ಞನಲ್ಲ. ಓದಿ ತಿಳಿದುಕೊಂಡದ್ದನ್ನು ಹತ್ತನೆಯ ತರಗತಿಯ ವಿಜ್ಞಾನ ಬಲ್ಲವರಿಗೆ ತಿಳಿಯುವಂತೆ ಬರೆಯಲು ಪ್ರಯತ್ನಿಸಿದ್ದೇನೆ.

ಅಫೀಮಿನಿಂದ ಮಾರ್ಫಿನ್‌ವರೆಗೆ

ಮನುಷ್ಯನಿಗೆ ಗೊತ್ತಿದ್ದ ಅತ್ಯಂತ ಹಳೆಯ ನೋವುನಿವಾರಕಗಳಲ್ಲಿ ಗಸಗಸೆ ಗಿಡದ ಹಾಲು ಒಂದು. ಬಲಿಯದ ಕಾಯಿಯನ್ನು ಗೀರಿದರೆ ಬರುವ ಹಾಲು ಒಣಗಿದಾಗ ಅಫೀಮು. ಅದು ನೋವನ್ನೂ ಭೇದಿಯನ್ನೂ ನಿಲ್ಲಿಸುತ್ತದೆ, ನಿದ್ದೆ ಬರಿಸುತ್ತದೆ. ಹಿಂದೆ ಮುಂಬಯಿಯ ಗಿರಣಿಗಳಿಗೆ ಹೋಗುತ್ತಿದ್ದ ತಾಯಂದಿರು ಮಕ್ಕಳು ಅಳದೆ ಮಲಗಿರಲೆಂದು ಅಫೀಮು ಬೆರೆಸಿದ 'ಬಾಳಗೋಳಿ' ಕೊಡುತ್ತಿದ್ದರು. ಕೆಲವು ಮಕ್ಕಳು ಏಳಲೇ ಇಲ್ಲ. ಒಂದೇ ಪದಾರ್ಥ ಔಷಧವೂ ಹೌದು, ವಿಷವೂ ಹೌದು, ಚಟವೂ ಹೌದು.

ಜರ್ಮನಿಯ ಔಷಧ ತಯಾರಕ ಫ್ರೀಡ್ರಿಕ್ ಸರ್ಟ್ಯೂರ್ನರ್ 1805ರ ಸುಮಾರಿಗೆ ಅಫೀಮಿನಿಂದ ಅದರ ಮುಖ್ಯ ಸತ್ವವನ್ನು ಬೇರ್ಪಡಿಸಿದ. ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರಿನಿಂದ ಅದು ಮಾರ್ಫಿನ್ ಆಯಿತು. ಮುಂದೆ ನೂರೈವತ್ತು ವರ್ಷಕ್ಕೂ ಮಿಕ್ಕಿ ವೈದ್ಯರು ಅದನ್ನು ಬಳಸಿದರು. ಆದರೆ ಒಂದು ಸರಳ ಪ್ರಶ್ನೆಗೆ ಉತ್ತರವಿರಲಿಲ್ಲ. ಎಲ್ಲಿಯೋ ಬೆಳೆಯುವ ಗಿಡದ ಹಾಲಿಗೂ ಮನುಷ್ಯನ ಮಿದುಳಿಗೂ ಏನು ಸಂಬಂಧ? ಅಷ್ಟು ಚಿಕ್ಕ ಪ್ರಮಾಣದಲ್ಲಿ ಅದು ಅಷ್ಟು ದೊಡ್ಡ ಕೆಲಸ ಮಾಡುವುದು ಹೇಗೆ?

ಗ್ರಾಹಕ ಎಂದರೇನು?

ಉತ್ತರದ ಮೊದಲ ಮೆಟ್ಟಿಲು 1900ರ ಆಸುಪಾಸಿನಲ್ಲಿ ಸಿಕ್ಕಿತು. ಜರ್ಮನಿಯ ಪಾಲ್ ಎರ್ಲಿಕ್ ಮತ್ತು ಇಂಗ್ಲೆಂಡಿನ ಜಾನ್ ಲ್ಯಾಂಗ್ಲಿ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಮಾತು ಹೇಳಿದರು: ಔಷಧ ಸುಮ್ಮನೆ ಮೈಯಲ್ಲೆಲ್ಲ ಹರಡಿ ಕೆಲಸ ಮಾಡುವುದಿಲ್ಲ, ಜೀವಕೋಶದ ಮೇಲೆ ಅದನ್ನು ಹಿಡಿದುಕೊಳ್ಳುವ ನಿರ್ದಿಷ್ಟ ಜಾಗವಿರಬೇಕು. ಆ ಜಾಗಕ್ಕೆ 'ರಿಸೆಪ್ಟರ್' ಎಂದರು. ಕನ್ನಡದ ಪಠ್ಯಗಳಲ್ಲಿ 'ಗ್ರಾಹಕ' ಎಂಬ ಶಬ್ದವಿದೆ. ಅಂಗಡಿಗೆ ಬರುವ ಗಿರಾಕಿ ಎಂದು ತಿಳಿಯಬಾರದು, ಗ್ರಹಿಸುವಂಥದ್ದು ಎಂದರ್ಥ.

ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಗ್ರಾಹಕ ಒಂದು ಕೀಲಿ. ಔಷಧ ಅದರ ಕೀಲಿಕೈ. ಕೀಲಿಕೈಯ ಹಲ್ಲು ಸರಿಯಾಗಿ ಕೂತರೆ ಕೀಲಿ ತೆರೆದು, ಜೀವಕೋಶದ ಒಳಗೆ ಮುಂದಿನ ಕೆಲಸ ಶುರುವಾಗುತ್ತದೆ. ಕೆಲವು ಕೀಲಿಕೈಗಳು ತೂತಿನೊಳಗೆ ಹೋಗುತ್ತವೆ, ಆದರೆ ತಿರುಗುವುದಿಲ್ಲ. ಅವು ಅಲ್ಲೇ ಕೂತು ಬೇರೆ ಕೀಲಿಕೈಗೆ ದಾರಿ ಕೊಡುವುದಿಲ್ಲ. ನಲೋಕ್ಸೋನ್ ಎಂಬ ಔಷಧ ಅಂಥದ್ದು. ಅತಿಯಾಗಿ ಮಾರ್ಫಿನ್ ಏರಿ ಉಸಿರು ನಿಲ್ಲುತ್ತಿರುವವರಿಗೆ ಅದನ್ನು ಚುಚ್ಚಿದರೆ ಕೆಲವೇ ನಿಮಿಷಗಳಲ್ಲಿ ಉಸಿರು ಮರಳುತ್ತದೆ.

ಮಾರ್ಫಿನ್‌ಗೆ ಮಿದುಳಿನಲ್ಲಿ ಇಂಥ ಕೀಲಿ ಇದೆ ಎಂಬುದು ಬಹುಕಾಲ ಊಹೆಯಾಗಿಯೇ ಇತ್ತು. 1973ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾಲೊಮನ್ ಸ್ನೈಡರ್ ಮತ್ತು ಅವರ ವಿದ್ಯಾರ್ಥಿನಿ ಕ್ಯಾಂಡೇಸ್ ಪರ್ಟ್ ಅದನ್ನು ಪ್ರಯೋಗದಿಂದ ತೋರಿಸಿದರು. ವಿಕಿರಣ ಸೂಸುವ ನಲೋಕ್ಸೋನ್ ತಯಾರಿಸಿ, ಅರೆದ ಮಿದುಳಿನ ಅಂಗಾಂಶದೊಂದಿಗೆ ಬೆರೆಸಿ, ತೊಳೆದು, ಎಷ್ಟು ಅಂಟಿಕೊಂಡಿತು ಎಂದು ಎಣಿಸಿದರು. ಅದೇ ವರ್ಷ ನ್ಯೂಯಾರ್ಕಿನ ಎರಿಕ್ ಸೈಮನ್ ಮತ್ತು ಸ್ವೀಡನ್ನಿನ ಲಾರ್ಸ್ ಟೆರೆನಿಯಸ್ ಕೂಡ ಸ್ವತಂತ್ರವಾಗಿ ಇದನ್ನೇ ಕಂಡರು. ಮುಂದೆ 1978ರಲ್ಲಿ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿ ಬಂದಾಗ ಪಟ್ಟಿಯಲ್ಲಿ ಸ್ನೈಡರ್ ಹೆಸರಿತ್ತು, ಪರ್ಟ್ ಹೆಸರಿರಲಿಲ್ಲ. ಆಕೆ ಬಹಿರಂಗವಾಗಿಯೇ ಪ್ರತಿಭಟಿಸಿದರು. ಕೈಯಿಂದ ಕೆಲಸ ಮಾಡಿದವರ ಹೆಸರು ಬಿಟ್ಟುಹೋಗುವುದು ವಿಜ್ಞಾನದಲ್ಲೂ ಉಂಟು.

ಕೀಲಿ ಸಿಕ್ಕಿತು. ಕೂಡಲೇ ಇನ್ನೂ ದೊಡ್ಡ ಪ್ರಶ್ನೆ ಎದ್ದಿತು. ಗಸಗಸೆ ಗಿಡದ ಸಲುವಾಗಿ ಪ್ರಕೃತಿ ಪ್ರಾಣಿಗಳ ಮಿದುಳಿನಲ್ಲಿ ಕೀಲಿ ಕೂಡಿಸಿರುವುದು ಸಾಧ್ಯವೇ? ಇಲ್ಲ. ಹಾಗಾದರೆ ಮಿದುಳಿನದೇ ಆದ ಕೀಲಿಕೈ ಎಲ್ಲೋ ಇರಬೇಕು.

ಅಬರ್ಡೀನಿನ ಶೋಧ

ಅದನ್ನು ಹುಡುಕಿದವರು ಸ್ಕಾಟ್ಲೆಂಡಿನ ಅಬರ್ಡೀನ್ ಊರಿನ ಹಾನ್ಸ್ ಕಾಸ್ಟರ್ಲಿಟ್ಜ್ ಮತ್ತು ಜಾನ್ ಹ್ಯೂಸ್. ಕಾಸ್ಟರ್ಲಿಟ್ಜ್ 1903ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿ, ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ಬಂದವರು. 1973ರಲ್ಲಿ ಎಪ್ಪತ್ತರ ವಯಸ್ಸಿಗೆ ವಿಭಾಗದಿಂದ ನಿವೃತ್ತರಾದ ಮೇಲೆ ಹೊಸ ಸಂಶೋಧನಾ ಘಟಕ ಕಟ್ಟಿದರು. ಹ್ಯೂಸ್ ಆಗಿನ್ನೂ ಮೂವತ್ತರ ಆಸುಪಾಸಿನ ಯುವಕ.

ಅವರ ಅಳತೆಯ ಸಾಧನ ಬಹಳ ಸರಳ. ಗಿನಿಪಿಗ್‌ನ ಸಣ್ಣ ಕರುಳಿನ ತುಂಡನ್ನು ಉಪ್ಪಿನ ದ್ರಾವಣದಲ್ಲಿ ತೂಗುಹಾಕಿ ವಿದ್ಯುತ್ತಿನ ಸಣ್ಣ ಆಘಾತ ಕೊಟ್ಟರೆ ಅದು ಮಿಡಿಯುತ್ತದೆ. ಮಾರ್ಫಿನ್ ಹಾಕಿದರೆ ಮಿಡಿತ ತಗ್ಗುತ್ತದೆ. ನಲೋಕ್ಸೋನ್ ಹಾಕಿದರೆ ಮತ್ತೆ ಬರುತ್ತದೆ. ಅಫೀಮು ಭೇದಿ ನಿಲ್ಲಿಸುವುದೂ ಇದೇ ಕಾರಣಕ್ಕೆ, ಕರುಳಿನಲ್ಲೂ ಅದೇ ಕೀಲಿ ಇದೆ. ಹ್ಯೂಸ್ ಕಸಾಯಿಖಾನೆಯಿಂದ ಹಂದಿಗಳ ಮಿದುಳು ತಂದು, ಅರೆದು, ಸೋಸಿ, ಬಂದ ಒಂದೊಂದು ಭಾಗವನ್ನೂ ಹೀಗೆ ಪರೀಕ್ಷಿಸಿದರು. ಮಾರ್ಫಿನ್‌ನಂತೆ ಮಿಡಿತ ತಗ್ಗಿಸಿ, ನಲೋಕ್ಸೋನ್‌ಗೆ ಮಣಿಯುವ ಭಾಗವೊಂದು ಸಿಕ್ಕಿತು.

ಅದರಲ್ಲಿದ್ದದ್ದು ಎರಡು ಚಿಕ್ಕ ಪೆಪ್ಟೈಡ್‌ಗಳು. ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಸರಪಳಿ, ಪ್ರೋಟೀನಿನ ಚಿಕ್ಕ ತಮ್ಮ. ಈ ಎರಡರಲ್ಲೂ ಐದೈದೇ ಕೊಂಡಿಗಳು. ಮೊದಲ ನಾಲ್ಕು ಎರಡಕ್ಕೂ ಒಂದೇ: ಟೈರೊಸಿನ್, ಗ್ಲೈಸಿನ್, ಗ್ಲೈಸಿನ್, ಫಿನೈಲ್‌ಅಲನಿನ್. ಐದನೆಯದು ಒಂದರಲ್ಲಿ ಮೆಥಿಯೊನಿನ್, ಇನ್ನೊಂದರಲ್ಲಿ ಲ್ಯೂಸಿನ್. 'ತಲೆಯೊಳಗಿನದು' ಎಂಬ ಅರ್ಥದ ಗ್ರೀಕ್ ಮಾತಿನಿಂದ ಎನ್‌ಕೆಫಲಿನ್ ಎಂದು ಹೆಸರಿಟ್ಟರು.

ನಮ್ಮ ದೇಹ ಬಳಸುವ ಅಮೈನೋ ಆಮ್ಲಗಳು 20. ಅವುಗಳಿಂದ ಐದು ಕೊಂಡಿಗಳ ಸರಪಳಿಯನ್ನು 32 ಲಕ್ಷ ಬಗೆಯಲ್ಲಿ ಜೋಡಿಸಬಹುದು. ಅಷ್ಟರಲ್ಲಿ ಈ ಎರಡನ್ನು ಮಿದುಳು ನೋವಿಗೆ ಆರಿಸಿಕೊಂಡಿದೆ. ಮೊದಲ ಕೊಂಡಿ ಟೈರೊಸಿನ್‌ನ ಉಂಗುರದಾಕಾರದ ಭಾಗ ಮಾರ್ಫಿನ್‌ನ ಒಂದು ಉಂಗುರವನ್ನು ಹೋಲುತ್ತದೆ. ಗಿಡ ಮಾಡಿದ್ದು ಮಿದುಳಿನ ಕೀಲಿಕೈಯ ನಕಲು ಎಂಬುದು ಆಗ ಸ್ಪಷ್ಟವಾಯಿತು. ಮರುವರ್ಷವೇ ಕ್ಯಾಲಿಫೋರ್ನಿಯಾದಲ್ಲಿ ಚೋ ಹಾವ್ ಲಿ ಒಂಟೆಯ ಪಿಟ್ಯುಟರಿ ಗ್ರಂಥಿಯಿಂದ 31 ಕೊಂಡಿಗಳ ಬೀಟಾ ಎಂಡಾರ್ಫಿನ್ ತೆಗೆದರು. ನರಗಳ ಮೇಲೆ ಕೆಲಸ ಮಾಡುವ ಇಂಥ ಪೆಪ್ಟೈಡ್‌ಗಳಿಗೆ ನ್ಯೂರೋಪೆಪ್ಟೈಡ್ ಎನ್ನುತ್ತಾರೆ. ಈಗ ನೂರಕ್ಕೂ ಹೆಚ್ಚು ಗೊತ್ತಿವೆ.

ನೂಲಿಗೆ ಗಂಜಿ ಹಚ್ಚಿದಂತೆ

ಇಲ್ಲಿಂದ ಕಥೆ ಬೆಂಗಳೂರಿಗೆ ಬರುತ್ತದೆ. ಮಿದುಳಿನಿಂದ ಪೆಪ್ಟೈಡ್ ತೆಗೆಯುವುದು ಕೆಜಿಗಟ್ಟಲೆ ಅರೆದು ಕಣದಷ್ಟು ಪಡೆಯುವ ಕೆಲಸ. ಔಷಧ ಮಾಡಬೇಕಾದರೆ, ಒಂದೊಂದು ಕೊಂಡಿ ಬದಲಿಸಿ ಪರೀಕ್ಷಿಸಬೇಕಾದರೆ, ಅದನ್ನು ಪ್ರಯೋಗಾಲಯದಲ್ಲೇ ಕಟ್ಟಬೇಕು. ಅದು ಅಂದುಕೊಂಡಷ್ಟು ಸುಲಭವಲ್ಲ.

ಅಮೈನೋ ಆಮ್ಲಕ್ಕೆ ಎರಡು ತುದಿ, ಒಂದು ಅಮೈನ್, ಇನ್ನೊಂದು ಆಮ್ಲ. ಒಂದರ ಆಮ್ಲದ ತುದಿ ಇನ್ನೊಂದರ ಅಮೈನ್ ತುದಿಗೆ ಕೂಡಬೇಕು. ಆದರೆ 'ಅ' ಮತ್ತು 'ಬ' ಎಂಬ ಎರಡನ್ನು ಸುಮ್ಮನೆ ಬೆರೆಸಿದರೆ ಅ-ಬ, ಬ-ಅ, ಅ-ಅ, ಬ-ಬ ಎಲ್ಲವೂ ಆಗುತ್ತವೆ. ನಮಗೆ ಬೇಕಾದದ್ದು ಅ-ಬ ಮಾತ್ರ. ಆದ್ದರಿಂದ ಕೂಡಬಾರದ ತುದಿಗೆ ಮೊದಲೇ ಒಂದು ಮುಚ್ಚಳ ಹಾಕುತ್ತಾರೆ. ಕೂಡಿಸಿದ ಮೇಲೆ ಮುಚ್ಚಳ ತೆಗೆದು ಮುಂದಿನ ಕೊಂಡಿ ಜೋಡಿಸುತ್ತಾರೆ.

ರಬಕವಿ-ಬನಹಟ್ಟಿಯವರಿಗೆ ಇದನ್ನು ವಿವರಿಸುವುದು ಸುಲಭ. ಮಗ್ಗಕ್ಕೆ ಏರಿಸುವ ಮುನ್ನ ಹಾಸಿನ ನೂಲಿಗೆ ಗಂಜಿ ಕೊಡುತ್ತೇವೆ. ಗಂಜಿ ಬಟ್ಟೆಯ ಭಾಗವಲ್ಲ, ನೇಯುವಾಗ ನೂಲು ಹರಿಯದಿರಲೆಂದು ಕೊಟ್ಟ ರಕ್ಷಣೆ. ನೇಯ್ದಾದ ಮೇಲೆ ತೊಳೆದು ತೆಗೆಯಬೇಕು, ಆದರೆ ತೊಳೆಯುವಾಗ ಬಟ್ಟೆ ಕೆಡಬಾರದು. ಪೆಪ್ಟೈಡ್ ರಸಾಯನಶಾಸ್ತ್ರದ ಅರ್ಧ ಜಾಣತನ ಇರುವುದು ಈ ಗಂಜಿ ತೆಗೆಯುವುದರಲ್ಲೇ. ಐದು ಕೊಂಡಿಗೆ ನಾಲ್ಕು ಸಲ ಕೂಡಿಸುವುದು, ನಾಲ್ಕು ಸಲ ಮುಚ್ಚಳ ತೆಗೆಯುವುದು ಎಂದು ಎಂಟು ಹಂತ ಹಿಡಿಯಿರಿ. ಒಂದೊಂದು ಹಂತದಲ್ಲಿ ನೂರಕ್ಕೆ 90 ಉಳಿದರೂ ಕೊನೆಗೆ ಕೈಗೆ ಸಿಗುವುದು 43 ಮಾತ್ರ.

1932ರಲ್ಲಿ ಮ್ಯಾಕ್ಸ್ ಬರ್ಗ್‌ಮನ್ ಮತ್ತು ಲಿಯೊನಿಡಾಸ್ ಜೆರ್ವಾಸ್ ಎಂಬವರು ಒಂದು ಒಳ್ಳೆಯ ಮುಚ್ಚಳ ಕಂಡುಹಿಡಿದರು. ಅದನ್ನು ತೆಗೆಯಲು ಪಲ್ಲಾಡಿಯಮ್ ಎಂಬ ಲೋಹದ ಸಮ್ಮುಖದಲ್ಲಿ ಹೈಡ್ರೋಜನ್ ಅನಿಲ ಹಾಯಿಸಬೇಕು. ಹೈಡ್ರೋಜನ್ ಕಿಡಿ ತಾಗಿದರೆ ಸ್ಫೋಟಿಸುವ ಅನಿಲ. ಅದಕ್ಕೆ ಸಿಲಿಂಡರು, ವಿಶೇಷ ಉಪಕರಣ, ಎಚ್ಚರಿಕೆ ಎಲ್ಲ ಬೇಕು. ಶ್ರೀಮಂತ ಪ್ರಯೋಗಾಲಯಕ್ಕೆ ಇದು ದೊಡ್ಡ ಮಾತಲ್ಲ. ನಮ್ಮ ವಿಶ್ವವಿದ್ಯಾಲಯಗಳಿಗೆ ದೊಡ್ಡ ಮಾತೇ.

ಬೆಂಗಳೂರು ವಿಶ್ವವಿದ್ಯಾಲಯದ ಸೆಂಟ್ರಲ್ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಕೆ. ಎಂ. ಶಿವಾನಂದಯ್ಯ ಎಂಬ ಪ್ರಾಧ್ಯಾಪಕರಿದ್ದರು. ಸೆಂಟ್ರಲ್ ಕಾಲೇಜು ಕೂಡ 1858ರಲ್ಲಿ ಒಂದು ಹೈಸ್ಕೂಲಾಗಿಯೇ ಹುಟ್ಟಿದ್ದು. ಸರ್ ಸಿ. ವಿ. ರಾಮನ್ 1928ರ ಮಾರ್ಚ್ 16ರಂದು ತಮ್ಮ ಹೊಸ ಶೋಧದ ಬಗ್ಗೆ ಉಪನ್ಯಾಸ ಕೊಟ್ಟದ್ದು ಅಲ್ಲಿಯೇ. ಶಿವಾನಂದಯ್ಯನವರು ಮತ್ತು ಜಿ. ಎಂ. ಅನಂತರಾಮಯ್ಯ 1977ರಲ್ಲಿ ಇಂಗ್ಲೆಂಡಿನ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಎರಡು ಪುಟಗಳ ಒಂದು ಲೇಖನ ಪ್ರಕಟಿಸಿದರು. ವಿಷಯ ಇಷ್ಟೇ: ಹೈಡ್ರೋಜನ್ ಅನಿಲ ಬೇಕಿಲ್ಲ. ಸೈಕ್ಲೋಹೆಕ್ಸೀನ್ ಎಂಬ ದ್ರವದಲ್ಲಿಯೇ ಹೈಡ್ರೋಜನ್ ಇದೆ. ಪಲ್ಲಾಡಿಯಮ್ ಹೊತ್ತ ಇದ್ದಿಲ ಪುಡಿಯೊಂದಿಗೆ ಅದನ್ನು ಕುದಿಸಿದರೆ ಅದು ತನ್ನ ಹೈಡ್ರೋಜನ್ ಬಿಟ್ಟುಕೊಟ್ಟು ಬೆಂಜೀನ್ ಆಗುತ್ತದೆ. ಆ ಹೈಡ್ರೋಜನ್ನೇ ಮುಚ್ಚಳ ಬಿಡಿಸುತ್ತದೆ. ಒಂದು ಗಾಜಿನ ಫ್ಲಾಸ್ಕು, ಒಂದು ಕಂಡೆನ್ಸರು, ಕುದಿಸಲು ಬಿಸಿ, ಇಷ್ಟಿದ್ದರೆ ಸಾಕು. ನಮ್ಮ ಕಾಲೇಜುಗಳ ಪ್ರಯೋಗಾಲಯದಲ್ಲೂ ಇವು ಇರುತ್ತವೆ.

ಪರಸ್ಪರ ಕೈ ದಾಟಿಸುವ ಈ ವಿಧಾನದ ಬೀಜ ಬೇರೆ ಸಂದರ್ಭದಲ್ಲಿ ಮೊದಲೇ ಗೊತ್ತಿತ್ತು. ಅದನ್ನು ಪೆಪ್ಟೈಡ್ ಕಟ್ಟುವ ಕೆಲಸಕ್ಕೆ ಹದವಾಗಿ ತಂದದ್ದು ಇವರ ಕೆಲಸ. ಮರುವರ್ಷ ಅಮೆರಿಕದ ಹಾಫ್‌ಮನ್-ಲಾ ರೋಶ್ ಕಂಪನಿಯ ಪ್ರಯೋಗಾಲಯದವರು ಸೈಕ್ಲೋಹೆಕ್ಸಾಡೈಯೀನ್ ಬಳಸಿ ಇದನ್ನು ಇನ್ನಷ್ಟು ಸೌಮ್ಯಗೊಳಿಸಿದರು. 1979ರಲ್ಲಿ ಅನಂತರಾಮಯ್ಯನವರೂ ಸೇರಿದ್ದ ಅಮೆರಿಕದ ತಂಡ ಫಾರ್ಮಿಕ್ ಆಮ್ಲದಿಂದ ಅದೇ ಕೆಲಸ ಮಾಡಿಸಿತು. ಇರುವೆ ಕಚ್ಚಿದಾಗ ಉರಿ ಎಬ್ಬಿಸುವ ಆಮ್ಲವೇ ಅದು. ಈ ವಿಧಾನ ಇಂದು ಪೆಪ್ಟೈಡ್ ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಸೇರಿಹೋಗಿದೆ.

ಶಿವಾನಂದಯ್ಯನವರ ಪ್ರಯೋಗಾಲಯದಿಂದ ಒಂದು ಪರಂಪರೆಯೇ ಹೊರಟಿತು. ಅನಂತರಾಮಯ್ಯನವರು ಅಲಬಾಮಾ ವಿಶ್ವವಿದ್ಯಾಲಯದಲ್ಲಿ, ರಕ್ತದ ಒಳ್ಳೆಯ ಕೊಬ್ಬಿನ ಪ್ರೋಟೀನನ್ನು ಅನುಕರಿಸುವ 18 ಕೊಂಡಿಗಳ ಪೆಪ್ಟೈಡ್‌ಗಳಿಂದ ಹೆಸರಾದರು. ಡಿ. ಚನ್ನೇಗೌಡರು ಮೈಸೂರಿನ ಮಾನಸ ಗಂಗೋತ್ರಿಯಲ್ಲಿ, ವಿ. ವಿ. ಸುರೇಶಬಾಬು ಸೆಂಟ್ರಲ್ ಕಾಲೇಜಿನಲ್ಲೇ ಪೆಪ್ಟೈಡ್ ಕೆಲಸ ಮುಂದುವರಿಸಿ ಮತ್ತೆ ಅನೇಕ ವಿದ್ಯಾರ್ಥಿಗಳನ್ನು ಬೆಳೆಸಿದರು. ಒಬ್ಬ ಮೇಷ್ಟ್ರು ಒಂದು ಕಡೆ ಗಟ್ಟಿಯಾಗಿ ನಿಂತರೆ ಏನಾಗುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ಕೀಲಿಕೈಯ ಆಕಾರ ಯಾವುದು?

ಅದೇ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಇನ್ನೊಂದು ಪ್ರಶ್ನೆಯ ಬೆನ್ನು ಹತ್ತಿದ್ದರು. ನಾವು 'ಟಾಟಾ ಇನ್‌ಸ್ಟಿಟ್ಯೂಟ್' ಎಂದು ಕರೆಯುವ ಸಂಸ್ಥೆ ಅದು. ಎನ್‌ಕೆಫಲಿನ್‌ನ ಕೊಂಡಿಗಳ ಕ್ರಮ ಗೊತ್ತಾಯಿತು. ಆದರೆ ಕೊಂಡಿಗಳ ಸರಪಳಿ ಹಗ್ಗದಂತೆ, ಎಲ್ಲಿ ಬೇಕಾದರೂ ಬಾಗುತ್ತದೆ. ಗ್ರಾಹಕದ ಕೀಲಿಯೊಳಗೆ ಅದು ಹೋಗುವುದು ಯಾವ ಆಕಾರದಲ್ಲಿ? ಆಕಾರ ಗೊತ್ತಾಗದೆ ಹೊಸ ಕೀಲಿಕೈ ಕೆತ್ತುವುದು ಕತ್ತಲಲ್ಲಿ ಸೂಜಿ ಪೋಣಿಸಿದ ಹಾಗೆ.

ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಬಾಗಬಹುದು, ಯಾವುದರಲ್ಲಿ ಬಾಗಲಾರದು ಎಂಬ ನಕ್ಷೆಯನ್ನು ಜಿ. ಎನ್. ರಾಮಚಂದ್ರನ್ ಮದರಾಸಿನಲ್ಲಿ 1963ರಲ್ಲಿ ಪ್ರಕಟಿಸಿದ್ದರು. ಜಗತ್ತಿನ ಎಲ್ಲ ಜೀವರಸಾಯನ ಪುಸ್ತಕಗಳಲ್ಲೂ 'ರಾಮಚಂದ್ರನ್ ನಕ್ಷೆ' ಇರುತ್ತದೆ. ಅವರೇ ಮುಂದೆ ಬೆಂಗಳೂರಿಗೆ ಬಂದು ಆಣವಿಕ ಜೀವಭೌತ ವಿಭಾಗವನ್ನು ಕಟ್ಟಿದರು. ಅಮೆರಿಕದಲ್ಲಿ ಓದಿ, ಹಾರ್ವರ್ಡಿನಲ್ಲಿ ನೊಬೆಲ್ ವಿಜ್ಞಾನಿ ವುಡ್‌ವರ್ಡ್ ಅವರ ಬಳಿ ಕೆಲಸ ಮಾಡಿದ್ದ ಪದ್ಮನಾಭನ್ ಬಲರಾಮ್ 1973ರಲ್ಲಿ ಈ ವಿಭಾಗ ಸೇರಿದರು.

ಎನ್‌ಕೆಫಲಿನ್ ಸಿಕ್ಕ ಕೆಲವೇ ವರ್ಷಗಳಲ್ಲಿ ಬಲರಾಮ್ ಅವರು ಆರ್. ನಾಗರಾಜ್, ಟಿ. ಎಸ್. ಸುಧಾ ಮುಂತಾದ ಸಹೋದ್ಯೋಗಿಗಳೊಂದಿಗೆ ಒಂದು ಜಾಣ ಉಪಾಯ ಹೂಡಿದರು. ಗ್ಲೈಸಿನ್ ಬಹಳ ಸಡಿಲವಾದ ಕೊಂಡಿ. ಅದರ ಜಾಗದಲ್ಲಿ ಕೆಲವು ಶಿಲೀಂಧ್ರಗಳ ಪೆಪ್ಟೈಡ್‌ಗಳಲ್ಲಿ ಕಾಣುವ, ಚಿಕ್ಕದಾಗಿ 'ಏಬ್' ಎಂದು ಕರೆಯುವ ಗಡಸು ಕೊಂಡಿಯನ್ನು ಕೂಡಿಸಿದರು. ಅದರ ನಡುವಿನ ಇಂಗಾಲಕ್ಕೆ ಎರಡು ಮೀಥೈಲ್ ಗುಂಪುಗಳು ಅಂಟಿರುವುದರಿಂದ ಅದು ರಾಮಚಂದ್ರನ್ ನಕ್ಷೆಯ ಚಿಕ್ಕ ಭಾಗದಲ್ಲಷ್ಟೇ ತಿರುಗಬಲ್ಲದು. ಮುರಿದ ಕೈಗೆ ಬಿದಿರಿನ ಪಟ್ಟಿ ಕಟ್ಟಿದಂತೆ ಸರಪಳಿ ಒಂದು ಆಕಾರಕ್ಕೆ ನಿಲ್ಲುತ್ತದೆ. ಹೀಗೆ ಬಿಗಿಗೊಳಿಸಿದ ಮೇಲೂ ಪೆಪ್ಟೈಡ್ ನೋವು ತಗ್ಗಿಸುವ ಗುಣ ಉಳಿಸಿಕೊಂಡರೆ ಗ್ರಾಹಕಕ್ಕೆ ಬೇಕಾದ ಆಕಾರ ಅದಕ್ಕೆ ಹತ್ತಿರವಿದೆ ಎಂದರ್ಥ. ಬಾಗಿದ ತಿರುವುಳ್ಳ, ಪರಿಣಾಮವೂ ಪ್ರಬಲವಾಗಿದ್ದ ಸಂಯುಕ್ತಗಳನ್ನು ಅವರು ಪಡೆದರು.

ನನ್ನ ವೃತ್ತಿಯವರಿಗೆ ಈ ಯೋಚನಾಕ್ರಮ ಬಹಳ ಪರಿಚಿತ. ಸಾವಿರ ಸಾಧ್ಯತೆಗಳಿರುವಲ್ಲಿ ಒಂದೊಂದನ್ನೇ ಪರೀಕ್ಷಿಸುತ್ತ ಕೂರುವುದಿಲ್ಲ. ಒಂದು ನಿರ್ಬಂಧ ಹಾಕಿ ಯಾವುದು ಉಳಿಯುತ್ತದೆ ನೋಡುತ್ತೇವೆ. ಇದೇ ಕಾಲದಲ್ಲಿ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯೂ ಎನ್‌ಕೆಫಲಿನ್‌ನ ಬದಲಿ ರೂಪಗಳನ್ನು ತಯಾರಿಸಿ ಪ್ರಾಣಿಗಳಲ್ಲಿ ಪರೀಕ್ಷಿಸಿತು. 82/205 ಎಂಬ ಸಂಖ್ಯೆಯ ಸಂಯುಕ್ತ ಅವುಗಳಲ್ಲಿ ಹೆಸರಾದದ್ದು.

ಔಷಧ ಏಕಾಗಲಿಲ್ಲ? ಏನಾಯಿತು?

ಆಗ ಎಲ್ಲರಿಗೂ ಒಂದು ದೊಡ್ಡ ಆಸೆಯಿತ್ತು. ಮಿದುಳಿನದೇ ಪದಾರ್ಥವಾದ್ದರಿಂದ ಚಟ ಹತ್ತದ ನೋವುನಿವಾರಕ ಸಿಗುತ್ತದೆ ಎಂದು. ಆ ಆಸೆ ಕೈಗೂಡಲಿಲ್ಲ. ರಕ್ತದಲ್ಲಿರುವ ಕಿಣ್ವಗಳು ಎನ್‌ಕೆಫಲಿನ್‌ನ ಸರಪಳಿಯನ್ನು ಬಹುಬೇಗ ಕತ್ತರಿಸುತ್ತವೆ. ಕತ್ತರಿಸದಂತೆ ಬದಲಾಯಿಸಿದರೂ ರಕ್ತದಿಂದ ಮಿದುಳಿಗೆ ಹೋಗುವ ಬಾಗಿಲು ಅದನ್ನು ಸುಲಭವಾಗಿ ಬಿಡುವುದಿಲ್ಲ. ಒಳಗೆ ಹೋಗಿ ಪ್ರಬಲವಾಗಿ ಕೆಲಸ ಮಾಡಿದವು ಮಾರ್ಫಿನ್‌ನಂತೆಯೇ ಚಟವನ್ನೂ ತಂದವು. ಕೀಲಿ ಒಂದೇ ಆದ ಮೇಲೆ, ಬಾಗಿಲು ತೆರೆದರೆ ಒಳಗಿನದೆಲ್ಲ ಹೊರಬರುತ್ತದೆ.

ಹಾಗೆಂದು ಶ್ರಮ ವ್ಯರ್ಥವಾಗಲಿಲ್ಲ. ಎನ್‌ಕೆಫಲಿನ್ ಕತ್ತರಿಸುವ ಕಿಣ್ವವನ್ನೇ ಕರುಳಿನಲ್ಲಿ ತಡೆದರೆ ಏನಾಗುತ್ತದೆ ಎಂದು ಫ್ರಾನ್ಸಿನ ವಿಜ್ಞಾನಿಗಳು ಯೋಚಿಸಿದರು. ಅದರಿಂದ ಬಂದದ್ದು ರೇಸಿಕಾಡೊಟ್ರಿಲ್. ಮಕ್ಕಳಿಗೆ ನೀರುಭೇದಿಯಾದಾಗ ವೈದ್ಯರು ಒಆರ್‌ಎಸ್ ಜೊತೆಗೆ ಬರೆದುಕೊಡುವ ಪುಡಿಯ ಪೊಟ್ಟಣದಲ್ಲಿ ಹಲವು ಬಾರಿ ಇರುವುದು ಇದೇ. ದೇಹದ ಸ್ವಂತ ಎನ್‌ಕೆಫಲಿನ್ ಉಳಿದು, ಕರುಳು ನೀರು ಸುರಿಸುವುದು ತಗ್ಗುತ್ತದೆ. ಒಂದು ಮಾತು ಮಾತ್ರ ನೆನಪಿರಲಿ. ಜೀವ ಉಳಿಸುವುದು ಮೊದಲು ಒಆರ್‌ಎಸ್, ಉಳಿದದ್ದು ಆಮೇಲೆ.

ಪೆಪ್ಟೈಡ್‌ನಿಂದ ನೇರವಾಗಿ ನೋವಿನ ಔಷಧ ಬಂದದ್ದು ಬೇರೆ ದಾರಿಯಿಂದ, ಸಮುದ್ರದ ಶಂಕುಬಸವನ ಹುಳುವಿನ ವಿಷದಿಂದ. ಮೀನನ್ನು ಚುಚ್ಚಿ ಮರಗಟ್ಟಿಸುವ ಆ ವಿಷದಲ್ಲಿನ 25 ಕೊಂಡಿಗಳ ಒಂದು ಪೆಪ್ಟೈಡ್ ನೋವಿನ ಸಂದೇಶ ದಾಟಿಸುವ ನರಗಳ ಕ್ಯಾಲ್ಸಿಯಮ್ ದಾರಿಯನ್ನು ಮುಚ್ಚುತ್ತದೆ. ಜಿಕೊನೊಟೈಡ್ ಎಂಬ ಹೆಸರಿನಲ್ಲಿ 2004ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಅದನ್ನು ಕೊಡಬೇಕು. ಅದನ್ನು ಬೆಳೆಸಿದ ನ್ಯೂರೆಕ್ಸ್ ಕಂಪನಿಯ ವಿಜ್ಞಾನಿಗಳಲ್ಲಿ ಜೆ. ರಾಮಚಂದ್ರನ್ ಒಬ್ಬರು. ಚೋ ಹಾವ್ ಲಿ ಅವರೊಂದಿಗೆ ಹಾರ್ಮೋನ್ ಪೆಪ್ಟೈಡ್‌ಗಳ ಮೇಲೆ ಕೆಲಸ ಮಾಡಿದ್ದ ಅವರು ಮುಂದೆ ಬೆಂಗಳೂರಿಗೆ ಬಂದು ಔಷಧ ಸಂಶೋಧನೆ ಮುನ್ನಡೆಸಿದರು. ನಮ್ಮ ದೇಶದ ಕರಾವಳಿಯ ಶಂಕುಬಸವನ ಹುಳುಗಳ ವಿಷವನ್ನು ಬಲರಾಮ್ ಮತ್ತು ನರವಿಜ್ಞಾನಿ ಕೆ. ಎಸ್. ಕೃಷ್ಣನ್ ಅಭ್ಯಾಸ ಮಾಡಿದರು.

ಇನ್ನೊಂದು ಶೋಧ ನನಗೆ ಬಹಳ ಹಿಡಿಸಿದ್ದು. 'ಆ ಡಾಕ್ಟರ ಕೈಗುಣ ಚಲೋ ಅದ' ಎಂದು ನಮ್ಮ ಹಿರಿಯರು ಹೇಳುತ್ತಾರೆ. 1978ರಲ್ಲಿ ಅಮೆರಿಕದ ಲೆವಿನ್, ಗಾರ್ಡನ್ ಮತ್ತು ಫೀಲ್ಡ್ಸ್ ದವಡೆಹಲ್ಲು ಕೀಳಿಸಿಕೊಂಡವರಿಗೆ ಔಷಧವಿಲ್ಲದ ಬರೀ ಚುಚ್ಚುಮದ್ದು ಕೊಟ್ಟರು. ಕೆಲವರಿಗೆ ನೋವು ತಗ್ಗಿತು. ಅಂಥವರಿಗೆ ನಲೋಕ್ಸೋನ್ ಕೊಟ್ಟಾಗ ನೋವು ಮರಳಿತು. ಅಂದರೆ ನಂಬಿಕೆಯಿಂದ ತಗ್ಗಿದ ನೋವು ಬರೀ ಭ್ರಮೆಯಲ್ಲ, ಅದಕ್ಕೆ ಮಿದುಳು ತನ್ನ ಸ್ವಂತ ಕೀಲಿಕೈ ಬಳಸಿತ್ತು ಎಂದಾಯಿತು. ಆದರೆ ಇದನ್ನು ಹಿಡಿದು 'ನಂಬಿದರೆ ಎಲ್ಲ ರೋಗ ವಾಸಿ' ಎನ್ನುವವರ ಮಾತು ಕೇಳಬಾರದು. ಕೈಗುಣ ನೋವು ತಗ್ಗಿಸಬಹುದು, ಗಡ್ಡೆ ಕರಗಿಸಲಾರದು.

ನಮ್ಮೂರಿಗೆ ಇದರಿಂದ ಏನು?

ಹೊಸ ಕೀಲಿಕೈಗಳ ಹುಡುಕಾಟ ನಡೆದೇ ಇದೆ. 2012ರಲ್ಲಿ ಮಾರ್ಫಿನ್‌ನ ಗ್ರಾಹಕದ ಮೂರು ಆಯಾಮದ ರಚನೆಯೇ ಬೆಳಕಿಗೆ ಬಂತು. ಈ ಬಗೆಯ ಗ್ರಾಹಕಗಳ ಅಧ್ಯಯನಕ್ಕಾಗಿ ಲೆಫ್ಕೊವಿಟ್ಜ್ ಮತ್ತು ಕೊಬಿಲ್ಕಾ ಅವರಿಗೆ ಅದೇ ವರ್ಷ ರಸಾಯನಶಾಸ್ತ್ರದ ನೊಬೆಲ್ ಬಂತು. ಇಷ್ಟಾದರೂ ಕ್ಯಾನ್ಸರಿನ ಕೊನೆಯ ಹಂತದ ತೀವ್ರ ನೋವಿಗೆ ವೈದ್ಯರು ಇಂದಿಗೂ ಮೊದಲು ನೆನೆಯುವುದು ಮಾರ್ಫಿನ್ ಗುಳಿಗೆಯನ್ನೇ. ಅದು ಅಗ್ಗ.

ಕಾನೂನುಬದ್ಧವಾಗಿ ಅಫೀಮು ಬೆಳೆದು ಹೊರದೇಶಗಳಿಗೂ ಕೊಡುವ ದೇಶ ನಮ್ಮದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಪರವಾನಗಿ ಪಡೆದ ರೈತರು ಬೆಳೆಯುತ್ತಾರೆ. ನೀಮಚ್ ಮತ್ತು ಗಾಜೀಪುರಗಳಲ್ಲಿ ಸರಕಾರಿ ಕಾರ್ಖಾನೆಗಳಿವೆ. ಹೀಗಿದ್ದೂ ನಮ್ಮವರೇ ನೋವಿನಲ್ಲಿ ನರಳಿ ಸಾಯುವ ಸ್ಥಿತಿ ಬಹುಕಾಲ ಇತ್ತು. 1985ರ ಮಾದಕ ವಸ್ತು ಕಾಯ್ದೆ ಕಳ್ಳಸಾಗಣೆ ತಡೆಯಲು ಬಂದದ್ದು. ಆದರೆ ಹಲವು ಪರವಾನಗಿಗಳ ತೊಡಕಿನಿಂದ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ಇದನ್ನು ಸರಳಗೊಳಿಸಿತು. ಈಗ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಇಟ್ಟುಕೊಂಡು ಕೊಡಬಹುದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥಲ್ಲಿ ನೋವು ಉಪಶಮನಕ್ಕೆ ವ್ಯವಸ್ಥೆ ಇದೆ. ಕರುಣಾಶ್ರಯದಂಥ ಆರೈಕೆ ಕೇಂದ್ರಗಳೂ ಇವೆ.

ಆದರೆ ಬೀಳಗಿಯ ಹಿನ್ನೀರ ಹಳ್ಳಿಯಿಂದಾಗಲಿ, ಜಮಖಂಡಿಯ ತೋಟದ ಮನೆಯಿಂದಾಗಲಿ ಬೆಂಗಳೂರು ಬಹಳ ದೂರ. 'ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ' ಎಂದು ವೈದ್ಯರು ಹೇಳಿದ ಮೇಲೆ ಮನೆಯವರು ನೋವನ್ನು ಹಣೆಬರಹ ಎಂದೇ ತಿಳಿಯುತ್ತಾರೆ. ಅದು ಹಣೆಬರಹವಲ್ಲ. ರೋಗ ವಾಸಿಯಾಗದಿದ್ದರೂ ನೋವು ತಗ್ಗಿಸಬಹುದು. 'ನೋವು ತಗ್ಗಿಸುವ ಚಿಕಿತ್ಸೆ ಎಲ್ಲಿ ಸಿಗುತ್ತದೆ, ಮಾರ್ಫಿನ್ ಗುಳಿಗೆ ಬರೆದುಕೊಡುತ್ತೀರಾ' ಎಂದು ಕೇಳುವುದು ರೋಗಿಯ ಮನೆಯವರ ಹಕ್ಕು. ವೈದ್ಯರ ನಿಗಾದಲ್ಲಿ, ಕ್ಯಾನ್ಸರಿನ ನೋವಿಗೆ, ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡಾಗ ಚಟದ ಭಯದಿಂದ ಅದನ್ನು ನಿರಾಕರಿಸುವ ಅಗತ್ಯವಿಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕಬ್ಬಿನ ಹಂಗಾಮಿನಲ್ಲಿ ದಿನಾ ಸಂಜೆ ಅಂಗಡಿಯಿಂದ ಎರಡು ನೋವಿನ ಗುಳಿಗೆ ತಂದು ನುಂಗುವ ರೂಢಿ ನಮ್ಮಲ್ಲಿದೆ. ಸಾಮಾನ್ಯ ನೋವಿನ ಗುಳಿಗೆಗಳು ಈ ಗ್ರಾಹಕದ ಮೇಲೆ ಕೆಲಸ ಮಾಡುವಂಥವಲ್ಲ, ಆದರೆ ತಿಂಗಳುಗಟ್ಟಲೆ ತೆಗೆದುಕೊಂಡರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು. ಟ್ರಮಡಾಲ್‌ನಂಥವು ಮಾರ್ಫಿನ್‌ನ ಗ್ರಾಹಕದ ಮೇಲೆಯೇ ಕೆಲಸ ಮಾಡುತ್ತವೆ, ಚಟ ಹತ್ತಿಸುತ್ತವೆ. ಬೇಕಾದವರಿಗೆ ಸಿಗದಿರುವುದು, ಬೇಡದವರು ನುಂಗುವುದು, ಎರಡೂ ನಮ್ಮ ಊರಲ್ಲೇ ಇವೆ.

ವಿದ್ಯಾರ್ಥಿಗಳಿಗೆ ಒಂದು ಮಾತು

ಈ ಕಥೆಯಲ್ಲಿ ನೊಬೆಲ್ ಪಡೆದವರಿದ್ದಾರೆ, ಎಪ್ಪತ್ತರಲ್ಲಿ ಹೊಸ ಕೆಲಸ ಹಿಡಿದ ಅಜ್ಜನಿದ್ದಾನೆ, ಹೆಸರು ಬಿಟ್ಟುಹೋದ ವಿದ್ಯಾರ್ಥಿನಿ ಇದ್ದಾಳೆ. ಇವರ ನಡುವೆ ನಮ್ಮ ಸರಕಾರಿ ಕಾಲೇಜಿನ ಪ್ರಾಧ್ಯಾಪಕರೊಬ್ಬರೂ ಇದ್ದಾರೆ. ಅವರು ಕೀಲಿಯನ್ನೂ ಕಂಡುಹಿಡಿಯಲಿಲ್ಲ, ಕೀಲಿಕೈಯನ್ನೂ ಕಂಡುಹಿಡಿಯಲಿಲ್ಲ. ಕೀಲಿಕೈ ಮಾಡುವವರ ಕೈಗೆ ಒಂದು ಸುಲಭದ, ಅಪಾಯ ಕಡಿಮೆಯ ಅರ ಕೊಟ್ಟರು. ವಿಜ್ಞಾನ ನಡೆಯುವುದು ಹೆಚ್ಚಾಗಿ ಇಂಥ ಕೆಲಸಗಳಿಂದಲೇ.

'ನಮ್ಮ ಶಾಲೆಯಲ್ಲಿ ಉಪಕರಣ ಇಲ್ಲ' ಎಂಬ ಮಾತು ಇಂದಿಗೂ ಕೇಳುತ್ತೇವೆ. ಕೊರತೆ ಇರುವುದು ನಿಜ, ಅದನ್ನು ಸರಕಾರ ಮತ್ತು ಹಳೆಯ ವಿದ್ಯಾರ್ಥಿಗಳಾದ ನಾವು ತುಂಬಬೇಕು. ಆದರೆ ಹೈಡ್ರೋಜನ್ ಸಿಲಿಂಡರಿನ ತೊಡಕು ಇದ್ದದ್ದರಿಂದಲೇ ಅದು ಬೇಡದ ದಾರಿಗೆ ಅಷ್ಟು ಬೆಲೆ ಬಂತು ಎಂಬುದನ್ನೂ ಮರೆಯಬೇಡಿ. ಮುಂದಿನ ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯ ಬೆಂಚಿನಿಂದ ಎದ್ದ ಒಬ್ಬ ಹುಡುಗಿಯೋ ಹುಡುಗನೋ ನೋವು ತಗ್ಗಿಸಿ ಚಟ ಹತ್ತಿಸದ ಕೀಲಿಕೈಯ ಹುಡುಕಾಟದಲ್ಲಿ ಸೇರಲಿ. ಅದಾಗದಿದ್ದರೆ, ಇರುವ ಔಷಧವನ್ನು ನಮ್ಮ ತಾಲೂಕಿನ ಆಸ್ಪತ್ರೆಯಲ್ಲಿ ಬೇಕಾದವರಿಗೆ ಸಿಗುವಂತೆ ಮಾಡುವ ವೈದ್ಯರೋ ದಾದಿಯೋ ಅಧಿಕಾರಿಯೋ ಆಗಲಿ. ಅದೇನೂ ಸಣ್ಣ ಕೆಲಸವಲ್ಲ.